‘ಲೇಡಿ’ ಇರಬೇಕೋ ಬೇಡವೋ: ಅಮೆರಿಕದ ಕಾಲೇಜು ಮಹಿಳಾ ತಂಡಕ್ಕೆ ಹೆಸರು, ಲೋಗೋ ಆರಿಸುವ ಬಗೆ

ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ಟೈಟಲ್ 9 ಕಾನೂನು 1972ರಲ್ಲಿ ಬಂದ ಮೇಲೆ ಅಮೆರಿಕದ ಕಾಲೇಜುಗಳಲ್ಲಿ ಮಹಿಳಾ ತಂಡಗಳು ಹೆಚ್ಚುತ್ತ ಹೋದವು. ಹೆಸರಿನ ಬಗ್ಗೆ ಮಾತ್ರ ಹಲವೆಡೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಪುರುಷರ ತಂಡದ ಹೆಸರಿಗೇ ‘ಲೇಡಿ’ ಅಂಟಿಸಿ ಮುಗಿಸಿದರು. ಈಗ ಅದನ್ನು ತೆಗೆಯಲು ಹೊರಟವರೂ ಅಷ್ಟೇ ಅವಸರ ಮಾಡುವುದುಂಟು. ಎರಡೂ ತಪ್ಪು. ಆ ಹೆಸರು ತೊಟ್ಟು ಆಡುವವರನ್ನು ಕೇಳದೆ ಹೆಸರಿಡುವುದೂ ಬೇಡ, ಕಿತ್ತುಹಾಕುವುದೂ ಬೇಡ.

ಮೊದಲು ಪಟ್ಟಿ ಮಾಡಿ

ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು, ಪುರುಷರ ತಂಡಕ್ಕೊಂದು, ಮಹಿಳೆಯರ ತಂಡಕ್ಕೊಂದು ಇಟ್ಟುಕೊಳ್ಳಿ. ವೆಬ್‌ಸೈಟ್, ಟಿಕೆಟ್, ಜೆರ್ಸಿಯ ಎದೆಭಾಗ, ಅಂಕಣದ ನಡುವಿನ ಚಿತ್ರ, ಸ್ಕೋರ್‌ಬೋರ್ಡ್, ಕ್ಯಾಂಪಸ್ ಅಂಗಡಿಯ ಟೋಪಿ, ಸಾಮಾಜಿಕ ಜಾಲತಾಣದ ಖಾತೆ, ಹೀಗೆ ಒಂದೊಂದು ಕಡೆಯೂ ಏನು ಬರೆದಿದೆಯೋ ಹಾಗೇ ಗುರುತು ಮಾಡಿ. ಒಂದು ಕಡೆ ಬರೀ ‘ಬ್ಯಾಸ್ಕೆಟ್‌ಬಾಲ್’, ಇನ್ನೊಂದು ಕಡೆ ‘ಮಹಿಳಾ ಬ್ಯಾಸ್ಕೆಟ್‌ಬಾಲ್’ ಎಂದಿದ್ದರೆ ಗಂಡಸರ ಆಟವೇ ಮೂಲ, ಇದು ಅದರ ಕವಲು ಎಂದು ಹೇಳಿದಂತಾಯಿತು. ಎರಡಕ್ಕೂ ವಿಶೇಷಣ ಹಾಕಿ, ಇಲ್ಲವೇ ಎರಡಕ್ಕೂ ಬೇಡ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಕೂಡ ಇದನ್ನು ತಡವಾಗಿಯೇ ತಿದ್ದಿಕೊಂಡಿತು: ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಹೆಸರನ್ನು ಮಹಿಳೆಯರ ಟೂರ್ನಿಗೂ ಬಳಸಲು ಶುರುಮಾಡಿದ್ದು 2022ರಲ್ಲಿ.

ಹೆಸರನ್ನು ಬಿಡಿಸಿ ನೋಡಿ

ಹೆಸರಿನ ಅರ್ಥವನ್ನು ಬಿಡಿಬಿಡಿಯಾಗಿ ಹೇಳಿಕೊಳ್ಳಿ. ‘ರ‍್ಯಾಮ್’ ಅಂದರೆ ಟಗರು. ‘ಲೇಡಿ ರ‍್ಯಾಮ್ಸ್’ ಅಂದರೆ ಹೆಣ್ಣು ಟಗರುಗಳು ಎಂದಾಯಿತು. ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್ ವಿಶ್ವವಿದ್ಯಾಲಯದ ಮಹಿಳಾ ತಂಡದ ಹೆಸರು ‘ಲೇಡಿ ಸ್ಟೇಟ್ಸ್‌ಮೆನ್’. ‘ಮೆನ್’ ಎಂಬ ಗಂಡಸರ ಪದದ ಮುಂದೆಯೇ ‘ಲೇಡಿ’ ಕೂತಿದೆ. ಆದರೆ 1975ರಿಂದ 1977ರವರೆಗೆ ಸತತ ಮೂರು ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದ ತಂಡ ಅದು. ವ್ಯಾಕರಣ ಸರಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅಂಥ ಹೆಸರನ್ನು ಒರೆಸಿಹಾಕಲು ಆಗದು.

ಬೇರೆ ದಾರಿಗಳೂ ಇವೆ. ಒಕ್ಲಹೋಮ ಸ್ಟೇಟ್‌ನಲ್ಲಿ ‘ಕೌಬಾಯ್ಸ್’ ಜೊತೆಗೆ ‘ಕೌಗರ್ಲ್ಸ್’ ಇದೆ, ಎರಡೂ ಸರಿಸಮ. ಹವಾಯಿಯ ‘ರೇನ್‌ಬೋ ವಾಹಿನೆ’ಯಲ್ಲಿ ಹೆಂಗಸು ಎಂಬರ್ಥದ ಪದ ಅಲ್ಲಿನ ನೆಲದ ಭಾಷೆಯಿಂದಲೇ ಬಂದಿದೆ. ಲೂಸಿಯಾನಾ ಟೆಕ್ ಪುರುಷರು ‘ಬುಲ್‌ಡಾಗ್ಸ್’, ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ‘ಲೇಡಿ ಟೆಕ್‌ಸ್ಟರ್ಸ್’. ಎನ್‌ಸಿಎಎ ನಡೆಸಿದ ಮೊದಲ ಮಹಿಳಾ ಟೂರ್ನಿಯನ್ನು 1982ರಲ್ಲಿ ಗೆದ್ದದ್ದು ಅವರೇ. ಕನೆಟಿಕಟ್‌ನಲ್ಲಿ ಪುರುಷರು, ಮಹಿಳೆಯರು ಎಲ್ಲರೂ ‘ಹಸ್ಕೀಸ್’ (ಒಂದು ನಾಯಿ ತಳಿ). ಹೊಸದಾಗಿ ಶುರುವಾಗುವ ತಂಡಕ್ಕೆ ಈ ಕೊನೆಯ ದಾರಿಯೇ ಒಳ್ಳೆಯದು.

ಮೂಲನಿವಾಸಿ ಸಮುದಾಯಗಳ ಹೆಸರು, ಚಿತ್ರದ ಹತ್ತಿರವೂ ಸುಳಿಯಬೇಡಿ. ಇಂಥ ಹೆಸರುಗಳ ವಿರುದ್ಧ ಎನ್‌ಸಿಎಎ 2005ರಲ್ಲಿ ತಂದ ನೀತಿಯ ಕಾರಣ ನಾರ್ತ್ ಡಕೋಟ ವಿಶ್ವವಿದ್ಯಾಲಯ ಸೂ ಬುಡಕಟ್ಟಿನ ಹೆಸರಿದ್ದ ತನ್ನ ಹಳೆಯ ‘ಫೈಟಿಂಗ್ ಸೂ’ ಹೆಸರನ್ನು ಬಿಟ್ಟು, 2015ರಲ್ಲಿ ‘ಫೈಟಿಂಗ್ ಹಾಕ್ಸ್’ ಆಯಿತು.

ಯಾರನ್ನು ಕೇಳಬೇಕು

ಈಗಿನ ಆಟಗಾರ್ತಿಯರು, ಹಳೆಯ ಆಟಗಾರ್ತಿಯರು, ಕೋಚ್‌ಗಳು, ಈ ಕ್ರಮದಲ್ಲಿ. ಟೆನೆಸಿ ವಿಶ್ವವಿದ್ಯಾಲಯದಲ್ಲಿ ಆದದ್ದನ್ನು ನೆನಪಿಡಿ. ಬ್ಯಾಸ್ಕೆಟ್‌ಬಾಲ್ ಒಂದನ್ನು ಬಿಟ್ಟು ಉಳಿದ ಮಹಿಳಾ ತಂಡಗಳೆಲ್ಲ 2015ರಿಂದ ‘ಲೇಡಿ ವಾಲ್ಸ್’ (‘ವಾಲಂಟಿಯರ್ಸ್’ನ ಚಿಕ್ಕ ರೂಪ) ಹೆಸರನ್ನು ಬಿಟ್ಟು, ಪುರುಷರ ತಂಡಗಳು ಬಳಸುವ ‘ಪವರ್ ಟಿ’ ಎಂಬ ದೊಡ್ಡ ‘ಟಿ’ ಅಕ್ಷರದ ಲೋಗೋ ಹಾಕಬೇಕೆಂದು ವಿಶ್ವವಿದ್ಯಾಲಯ ನಿರ್ಧರಿಸಿತು. ಆ ಹೆಸರಿನಡಿ ಕೋಚ್ ಪ್ಯಾಟ್ ಸಮ್ಮಿಟ್ ಅವರ ಬ್ಯಾಸ್ಕೆಟ್‌ಬಾಲ್ ತಂಡಗಳು ಎಂಟು ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದವು. ಅನೇಕ ಆಟಗಾರ್ತಿಯರಿಗೆ ‘ಲೇಡಿ’ ಕೀಳರಿಮೆಯ ಗುರುತಾಗಿರಲಿಲ್ಲ, ತಾವೇ ದುಡಿದು ಗಳಿಸಿದ ಆಸ್ತಿಯಾಗಿತ್ತು. ವಿರೋಧ ನಿಲ್ಲಲಿಲ್ಲ. 2017ರಲ್ಲಿ ಹೆಸರು, ಲೋಗೋ ಎರಡೂ ಎಲ್ಲ ಮಹಿಳಾ ತಂಡಗಳಿಗೂ ಮರಳಿ ಬಂದವು. ಬರೀ ‘ಬೇಕೇ, ಬೇಡವೇ’ ಎಂದು ಕೇಳಿದರೆ ಸಾಲದು. ‘ಈ ಹೆಸರು ನಿಮ್ಮದು ಅನಿಸುತ್ತದೆಯೇ, ಏಕೆ?’ ಎಂದು ಕೇಳಿ, ಉತ್ತರಗಳನ್ನು ಬರೆದಿಡಿ.

ಲೋಗೋ

ಮಹಿಳಾ ತಂಡದ್ದೆಂದು ಪ್ರಾಣಿಯ ಮುಖಕ್ಕೆ ರೆಪ್ಪೆಗೂದಲು, ತಲೆಗೆ ರಿಬ್ಬನ್, ಕಾಲೇಜಿನ ಬಣ್ಣದ ಬದಲು ಗುಲಾಬಿ ಬೇಡ. ಓಡುವ, ಎಗರುವ, ಢಿಕ್ಕಿ ಹೊಡೆಯುವ ಆಟಗಾರ್ತಿಯರ ಎದೆಯ ಮೇಲೆ ಅದು ಅವರ ಆಟಕ್ಕೇ ಒಪ್ಪುವುದಿಲ್ಲ.

ಮೂಲ ಫೈಲ್ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರ) ಆಗಿರಲಿ. ಪೂರ್ಣ ಬಣ್ಣ, ಒಂದೇ ಬಣ್ಣ, ಕಡುಬಣ್ಣದ ಬಟ್ಟೆಗೆ ಬಿಳಿ, ಈ ಮೂರು ರೂಪ ಸಿದ್ಧ ಮಾಡಿ. ಬಣ್ಣವನ್ನು ನಿಖರವಾಗಿ ಗುರುತಿಸುವ ಪ್ಯಾಂಟೋನ್ ಸಂಖ್ಯೆಯನ್ನು ಬರೆದು ಕೊಡಿ, ಇಲ್ಲದಿದ್ದರೆ ಜೆರ್ಸಿಯ ಕೇಸರಿ ಒಂದು, ಟೋಪಿಯ ಕೇಸರಿ ಇನ್ನೊಂದು ಆಗುತ್ತದೆ. 16 ಪಿಕ್ಸೆಲ್‌ಗೆ ಇಳಿಸಿದಾಗ ಗುರುತು ಸಿಗದಿದ್ದರೆ ಗೆರೆಗಳನ್ನು ಕಡಿಮೆ ಮಾಡಿ.

ಹೆಚ್ಚು ಕೆಡುವುದು ಕಸೂತಿಯಲ್ಲಿ. ಅಕ್ಷರದ ಎತ್ತರ 6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ದಾರ ದಪ್ಪವಾಗಿ ಕೂತು ‘ಎ’, ‘ಆರ್’ ಅಕ್ಷರಗಳ ಹೊಟ್ಟೆಯ ತೂತು ಮುಚ್ಚಿಹೋಗುತ್ತದೆ. 1 ಮಿಲಿಮೀಟರ್‌ಗಿಂತ ತೆಳುವಾದ ಗೆರೆ ಬಟ್ಟೆಯಲ್ಲಿ ಹೂತು ಮಾಯವಾಗುತ್ತದೆ. ಹಾಗಾಗಿ ‘ಲೇಡಿ’ ಪದವನ್ನು ಮುಖ್ಯ ಹೆಸರಿನ ಮೇಲೆ ಪುಟ್ಟದಾಗಿ ಕೂರಿಸಿದ ಲೋಗೋಗಳು ಟೋಪಿಯ ಮೇಲೆ ಎಂದೂ ಸರಿಯಾಗಿ ಮೂಡುವುದಿಲ್ಲ. ಆ ಪದ ಬೇಕೆಂದಾದರೆ ಮುಖ್ಯ ಹೆಸರಿನಷ್ಟೇ ದೊಡ್ಡದಾಗಿ ಬರೆಯಿರಿ.

ಪುರುಷರ ಜೆರ್ಸಿಗೆ ಅಳೆದ ಲೋಗೋವನ್ನು ಹಾಗೇ ಹಾಕಿದರೆ ಸಣ್ಣ ಅಳತೆಯ ಜೆರ್ಸಿಯಲ್ಲಿ ಎರಡೂ ತುದಿಯ ಅಕ್ಷರಗಳು ಪಕ್ಕದ ಹೊಲಿಗೆಯ ಕಡೆ ಸರಿಯುತ್ತವೆ. ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ತಂಡದ ಅತಿ ಚಿಕ್ಕ ಮತ್ತು ಅತಿ ದೊಡ್ಡ ಜೆರ್ಸಿಗೆ ಪಿನ್ ಮಾಡಿ, ಆಟಗಾರ್ತಿ ತೊಟ್ಟು ಕೈ ಎತ್ತಿದಾಗ ನೋಡಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಂಖ್ಯೆಗೂ ಜಾಗ ಬಿಡಬೇಕು: ಮುಂದೆ ಕನಿಷ್ಠ 4 ಇಂಚು, ಹಿಂದೆ 6 ಇಂಚು ಎತ್ತರ. ಜೆರ್ಸಿ ತಯಾರಕರ ಗುರುತು 2¼ ಚದರ ಇಂಚು ಮೀರುವಂತಿಲ್ಲ. ಆರ್ಡರ್ ಕೊಡುವ ಮುನ್ನ ಆಯಾ ಆಟದ ಆ ವರ್ಷದ ನಿಯಮಪುಸ್ತಕ ತೆರೆದು ನೋಡಿ.

ಹಕ್ಕು ಮತ್ತು ಬದಲಾವಣೆಯ ದಿನ

ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಯ ದಾಖಲೆಯಲ್ಲಿ ಹೆಸರನ್ನು ಹುಡುಕಿ. ಸರಕು, ಸೇವೆಗಳನ್ನು ಅಲ್ಲಿ ವರ್ಗಗಳಾಗಿ ವಿಂಗಡಿಸಿರುತ್ತಾರೆ: ಬಟ್ಟೆಗೆ 25ನೇ ವರ್ಗ, ಕ್ರೀಡಾ ಕಾರ್ಯಕ್ರಮಕ್ಕೆ 41ನೇ ವರ್ಗ. 2025ರಿಂದ ಮೂಲ ಅರ್ಜಿ ಶುಲ್ಕ ವರ್ಗವೊಂದಕ್ಕೆ 350 ಡಾಲರ್. ಲೋಗೋ ಬರೆದದ್ದು ವಿದ್ಯಾರ್ಥಿನಿಯಾಗಲಿ ಹೊರಗಿನ ಕಲಾವಿದರಾಗಲಿ, ಹಣ ಕೊಟ್ಟ ಮಾತ್ರಕ್ಕೆ ಹಕ್ಕು ಕಾಲೇಜಿಗೆ ಬರುವುದಿಲ್ಲ. ಹಕ್ಕು ವರ್ಗಾವಣೆಗೆ ಬರಹದಲ್ಲಿ ಸಹಿ ಬೇಕು. ಅವರಿಗೆ ತಕ್ಕ ಸಂಭಾವನೆ ಕೊಡಿ.

ಬದಲಾವಣೆಯನ್ನು ಎರಡು ಋತುಗಳ ನಡುವೆ, ಒಂದೇ ದಿನ ಎಲ್ಲೆಡೆ ಮಾಡಿ. ಜೆರ್ಸಿ ಬರಲು ತಿಂಗಳುಗಳೇ ಹಿಡಿಯುವುದರಿಂದ ಆ ದಿನಾಂಕದಿಂದ ಹಿಂದಕ್ಕೆ ಎಣಿಸಿ ಕೆಲಸ ಶುರುಮಾಡಿ. ಕ್ರೀಡಾಂಗಣದ ಸೂರಿನಿಂದ ತೂಗುವ ಹಳೆಯ ಪ್ರಶಸ್ತಿ ಬ್ಯಾನರ್‌ಗಳನ್ನು ಮಾತ್ರ ಮುಟ್ಟಬೇಡಿ. ಅವರು ಗೆದ್ದದ್ದು ಯಾವ ಹೆಸರಿನಲ್ಲೋ ಆ ಹೆಸರೇ ಅಲ್ಲಿರಲಿ.