ಮಾವ ಕೊಟ್ಟ 12 ಲಕ್ಷ, 78% ಟ್ಯಾಕ್ಸು ಮತ್ತು ನಾನೇ ಹಾಕಿದ ಅಪೀಲು: ನನ್ನ ಅನುಭವ

2021ರ ಜನವರಿಲಿ ನಮ್ಮ ಸೋದರಮಾವ ನಂಗೆ 12 ಲಕ್ಷ ಕೊಟ್ರು, ಮೈಸೂರಲ್ಲಿ ಸೈಟ್ ತಗೊಳ್ಳೋಕೆ. ಸಾಗರದ ಹತ್ರ ಅವರ ಅಡಿಕೆ ತೋಟ. ಮಕ್ಕಳಿಲ್ಲ, ನನ್ನ ಓದಿಸಿದ್ದೂ ಅವ್ರೇ. ದುಡ್ಡು ಬಂದಿದ್ದು ಆರ್‌ಟಿಜಿಎಸ್ ಮೂಲಕ. ತಾಯಿಯ ತಮ್ಮ ಕಾನೂನಿನ ಲೆಕ್ಕದಲ್ಲಿ ಸಂಬಂಧಿ, ಸಂಬಂಧಿಕರು ಎಷ್ಟು ಕೊಟ್ರೂ ಟ್ಯಾಕ್ಸ್ ಇಲ್ಲ, 50,000ದ ಮಿತಿ ಹೊರಗಿನವರು ಕೊಟ್ಟಾಗ ಮಾತ್ರ, ಇಷ್ಟು ಗೊತ್ತಿತ್ತು ಹಾಗಾಗಿ ನೆಮ್ಮದಿಯಾಗಿದ್ದೆ.

2022ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯಿಂದ ಅಸೆಸ್‌ಮೆಂಟ್ ಆರ್ಡರ್ (ಎಷ್ಟು ಟ್ಯಾಕ್ಸ್ ಅಂತ ತೀರ್ಮಾನಿಸೋ ಆದೇಶ) ಬಂತು. ಪೂರ್ತಿ 12 ಲಕ್ಷನೂ ಸೆಕ್ಷನ್ 69ಎ ಪ್ರಕಾರ ವಿವರಣೆ ಇಲ್ಲದ ಹಣ ಅಂತ ಸೇರಿಸಿದ್ರು. ಇದಕ್ಕೆ ಸ್ಲ್ಯಾಬ್ ಗೀಬ್ ಏನೂ ಇಲ್ಲ, ಆಗಿದ್ದ 115ಬಿಬಿಇ ಪ್ರಕಾರ ನೇರವಾಗಿ 60%, ಅದರ ಮೇಲೆ 25% ಸರ್‌ಚಾರ್ಜು, ಅದರ ಮೇಲೆ 4% ಸೆಸ್ಸು, ಎಲ್ಲಾ ಸೇರಿ 78% ಆಗ್ತಿತ್ತು. ಅಂದ್ರೆ 9,36,000. ಬಡ್ಡಿ ಸೇರಿದಾಗ ಡಿಮ್ಯಾಂಡು ಹನ್ನೊಂದು ಲಕ್ಷ ದಾಟಿತ್ತು. ಅದರ ಜೊತೆಗೇ 271ಎಎಸಿ ಪೆನಾಲ್ಟಿ ನೋಟಿಸು, 60% ಟ್ಯಾಕ್ಸಿನ ಹತ್ತನೇ ಒಂದು ಭಾಗ, 72,000. ಮೂರು ರಾತ್ರಿ ನಿದ್ದೆ ಬರ್ಲಿಲ್ಲ.

ಆಗಿದ್ದೇನಂದ್ರೆ, ಪೋರ್ಟಲ್‌ನಲ್ಲಿ ಇದ್ದ ಇಮೇಲ್ ಐಡಿ ನನ್ನದಲ್ಲ, ಹಿಂದೆ ರಿಟರ್ನ್ ಫೈಲ್ ಮಾಡ್ತಿದ್ದವರದು. ವಿವರ, ದಾಖಲೆ ಕೇಳೋ 142(1) ನೋಟಿಸುಗಳು ಎರಡು ಸಲ ಹೋಗಿವೆ, ನಂಗೆ ಗೊತ್ತೇ ಇಲ್ಲ. ಕೊನೇ ಶೋಕಾಸ್ (ಕಾರಣ ಕೇಳೋ ನೋಟಿಸ್) ಕಣ್ಣಿಗೆ ಬಿದ್ದಾಗ ಉತ್ತರಕ್ಕೆ ನಾಲ್ಕು ದಿನ ಉಳಿದಿತ್ತು. ಗಾಬರೀಲಿ ಮೂರೇ ಸಾಲು ಬರೆದೆ: ಕೊಟ್ಟಿದ್ದು ಸೋದರಮಾವ, ಸಂಬಂಧಿ, ಟ್ಯಾಕ್ಸ್ ಬರಲ್ಲ. ಎಲ್ಲರೂ ಮಾಡೋ ತಪ್ಪು ಇದೇ. ಸಂಬಂಧಿ ಅನ್ನೋದು ಗಿಫ್ಟಿಗೆ ಟ್ಯಾಕ್ಸ್ ಹಾಕೋ ಸೆಕ್ಷನ್ 56ಕ್ಕೆ ಉತ್ತರ. ಆದ್ರೆ ಆಫೀಸರ್ ಕೇಳ್ತಿದ್ದ ಪ್ರಶ್ನೆಯೇ ಬೇರೆ: ಕೊಟ್ಟವರು ಯಾರು, ಅಷ್ಟು ಕೊಡೋ ಶಕ್ತಿ ಅವರಿಗಿತ್ತಾ, ಕೊಟ್ಟಿದ್ದು ನಿಜಾನಾ. ಮಾವ ರಿಟರ್ನ್ ಫೈಲ್ ಮಾಡಲ್ಲ, ಕೃಷಿ ಆದಾಯ ಬಿಟ್ರೆ ಅವರಿಗೆ ಬೇರೆ ಇಲ್ಲ. 12ರಲ್ಲಿ 4 ಲಕ್ಷ ಎಫ್‌ಡಿ ಮುರಿಸಿದ್ದು, ಉಳಿದ 8 ಲಕ್ಷ ನನಗೆ ಕಳಿಸೋ ಹಿಂದಿನ ವಾರ ನಾಲ್ಕು ಕಂತಲ್ಲಿ ಕ್ಯಾಶ್ ಕಟ್ಟಿದ್ದು. ಹೊರಗಿಂದ ನೋಡಿದ್ರೆ ನನ್ನದೇ ಕಪ್ಪುಹಣ ಮಾವನ ಖಾತೆ ಮೂಲಕ ತಿರುಗಿ ಬಂದ ಹಾಗೇ ಕಾಣತ್ತೆ.

ಆರ್ಡರ್‌ನಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪು ಹಾಕಿದ್ರು, ಎರಡನ್ನೂ ಕೂತು ಓದಿದೆ. 1995ರ ಸುಮತಿ ದಯಾಳ್ ಕೇಸು ನಮ್ಮ ಬೆಂಗಳೂರಿಂದೇ, ಕುದುರೆ ರೇಸಲ್ಲಿ ಗೆದ್ದ ದುಡ್ಡು ಅಂತ ಹೇಳಿದ್ದನ್ನ ಕೋರ್ಟ್ ಒಪ್ಪಲಿಲ್ಲ, ಕಾಗದ ಏನೇ ಹೇಳಲಿ ಸಾಮಾನ್ಯ ಜನಜೀವನದಲ್ಲಿ ಹೀಗೆ ಆಗೋದು ಸಾಧ್ಯಾನಾ ಅಂತ ನೋಡಬೇಕು ಅಂತು. 2007ರ ಮೋಹನಕಲಾ ಕೇಸಲ್ಲಿ ಗಿಫ್ಟ್ ವಿದೇಶದಿಂದ ಬ್ಯಾಂಕ್ ಮೂಲಕವೇ ಬಂದಿತ್ತು, ಅಷ್ಟರಿಂದಲೇ ಅದು ನಿಜ ಅನ್ನಕ್ಕಾಗಲ್ಲ ಅಂತ ತೀರ್ಪಾಯ್ತು. ಓದಿದ ಮೇಲೆ ನಂಗೆ ಅನ್ಸಿದ್ದು, ಮೊದಲನೇ ತೀರ್ಪು ನನ್ನ ಪರವಾಗೂ ನಿಲ್ಲತ್ತೆ. ಮಕ್ಕಳಿಲ್ಲದ ಮಾವ ಅಕ್ಕನ ಮಗನಿಗೆ ಸೈಟಿಗೆ ದುಡ್ಡು ಕೊಡೋದು ನಮ್ಮ ಕಡೆ ಎಲ್ಲಾ ಮನೇಲೂ ಇರೋದೇ ಅಲ್ವಾ. ಆದ್ರೆ ಆ ದುಡ್ಡು ಎಲ್ಲಿಂದ ಬಂತು ಅನ್ನೋದನ್ನ ಕಾಗದದಲ್ಲಿ ತೋರಿಸಬೇಕು.

ಸಾಗರಕ್ಕೆ ಹೋದೆ. ಮಾವನಿಗೆ ವಿಷಯ ಹೇಳೋದೇ ಕಷ್ಟ ಆಯ್ತು. "ನಾನೇನು ಕದ್ದ ದುಡ್ಡು ಕೊಟ್ನನೋ ಮಾಣಿ" ಅಂದು ಸುಮ್ಮನೆ ಕೂತ್ರು. ಅತ್ತೆ ಒಳಗಿಂದ ಒಂದು ತಗಡಿನ ಪೆಟ್ಟಿಗೆ ತಂದಿಟ್ರು. ಅದರಲ್ಲಿ ಅಡಿಕೆ ಮಾರೋ ಸಹಕಾರಿ ಸೊಸೈಟಿಯ ಆರೇಳು ವರ್ಷದ ಪಟ್ಟಿಗಳು, ಯಾವ ದಿನ ಎಷ್ಟು ಮೂಟೆ, ಯಾವ ರೇಟು, ಕಮಿಷನ್ ಎಷ್ಟು ಹಿಡಿದ್ರು, ಎಲ್ಲಾ ಅದೇ ಮಡಿಕೆಯಲ್ಲಿ, ಕೆಲವಕ್ಕೆ ಅಡಿಕೆ ಚೊಗರಿನ ಕಲೆ. ಸೊಸೈಟಿ ಪಾಸ್‌ಬುಕ್ ತೆಗೆದು ನೋಡಿದ್ರೆ 2020ರ ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ ಮೂರು ಸಲಕ್ಕೆ ಒಟ್ಟು 9 ಲಕ್ಷ ತೆಗೆದಿದ್ದಾರೆ. ಯಾಕೆ ಮಾವ ಅಂದೆ. ಮನೆ ಹಿಂದಿನ ಭಾಗ ಕೆಡವಿ ಕಟ್ಟಿಸಬೇಕು ಅಂತಿದ್ದೆ, ಲಾಕ್‌ಡೌನ್ ಆಯ್ತು, ಕೆಲಸದವ್ರು ಊರಿಗೆ ಹೋದ್ರು, ದುಡ್ಡು ಮನೇಲೇ ಉಳೀತು ಅಂದ್ರು. ನನ್ನ ಕೇಸಿನ ಜೀವ ಆ ಮೂರು ಎಂಟ್ರಿ.

ಪಹಣಿಲಿ ಒಂದು ತೊಡಕು ಸಿಕ್ತು. ಎರಡು ಸರ್ವೆ ನಂಬರ್, ಒಂದರಲ್ಲಿ ಅಡಿಕೆ ಅಂತ ಸರಿಯಾಗಿದೆ, ಇನ್ನೊಂದರಲ್ಲಿ ಇನ್ನೂ ಭತ್ತ ಅಂತಲೇ ಇದೆ, ಗದ್ದೆ ತೋಟ ಆಗಿ ಹದಿನೈದು ವರ್ಷ ಆದ್ರೂ! ಅದಕ್ಕೆ ಆ ಸರ್ವೆ ನಂಬರಿಗೆ ಅಡಿಕೆ ಬೆಳೆ ಅಂತ ಹವಾಮಾನ ಆಧಾರಿತ ವಿಮೆ ಕಟ್ಟಿದ ರಸೀದಿ ಮತ್ತು ಸೊಸೈಟಿಯ ಬೆಳೆಸಾಲದ ದಾಖಲೆ ಜೋಡಿಸಿದೆ.

ಗಿಫ್ಟ್ ಡೀಡ್ ಮಾಡಿಸಿರಲಿಲ್ಲ. ಒಬ್ಬ ಸಲಹೆಗಾರರು ಹಳೇ ತಾರೀಕಿಗೆ ಒಂದು ಮಾಡ್ಸೋಣ ಅಂದ್ರು, ನಾನು ಖಂಡಿತ ಬೇಡ ಅಂದೆ. ಇ-ಸ್ಟ್ಯಾಂಪ್ ಮೇಲೆ ತಾರೀಕು, ಸಮಯ ಎರಡೂ ಅಚ್ಚಾಗಿರತ್ತೆ, ಒಂದು ಸುಳ್ಳು ಸಿಕ್ರೆ ಉಳಿದ ಸತ್ಯವೂ ಸತ್ತ ಹಾಗೆ. ಅವತ್ತಿನ ತಾರೀಕಿಗೇ ಮಾವನ ಅಫಿಡವಿಟ್ ಮಾಡಿಸಿದೆ: ಇಂಥ ದಿನ, ಇಂಥ ಖಾತೆಯಿಂದ, ಪ್ರೀತಿಯಿಂದ ಕೊಟ್ಟಿದ್ದು, ವಾಪಸ್ ಬರಬೇಕಿಲ್ಲ.

ಅಪೀಲಿಗೆ ಡಿಮ್ಯಾಂಡ್ ನೋಟಿಸ್ ಕೈಗೆ ಬಂದು 30 ದಿನ ಟೈಮು. ಫಾರ್ಮ್ 35, ಫೀಸು 1,000. ಘಟನೆಗಳ ವಿವರಕ್ಕೆ 1,000 ಪದ, ಒಂದೊಂದು ಆಕ್ಷೇಪಕ್ಕೆ 100 ಪದದ ಮಿತಿ ಇದೆ, ಹಾಗಾಗಿ ಕೋಪ ಎಲ್ಲಾ ಬರೀತಾ ಕೂತ್ರೆ ಜಾಗ ಸಾಲಲ್ಲ. ಮುಖ್ಯವಾಗಿ, ಅಸೆಸ್‌ಮೆಂಟ್‌ನಲ್ಲಿ ಕೊಡದ ದಾಖಲೆ ಈಗ ಕೊಡ್ತಿದ್ದೀನಿ ಅಂತ ಆ ಫಾರ್ಮಲ್ಲೇ ತಿಳಿಸಬೇಕು, ಜೊತೆಗೆ ಹೊಸ ದಾಖಲೆ ಒಪ್ಪಿಕೊಳ್ಳಿ ಅಂತ ಕೇಳೋ ರೂಲ್ 46ಎ ಅರ್ಜಿ. ಅದರಲ್ಲಿ ಆಗ ಯಾಕೆ ಕೊಡಕ್ಕಾಗ್ಲಿಲ್ಲ ಅನ್ನೋದಕ್ಕೆ ಕಾರಣ ಬೇಕು. ನಾನು ಇಮೇಲ್ ಐಡಿ ಸ್ಕ್ರೀನ್‌ಶಾಟು, ಶೋಕಾಸ್ ತಾರೀಕು ಹಾಕಿದೆ. ಅರ್ಜಿ ಇಲ್ಲದೆ ಬರೀ ಪಿಡಿಎಫ್ ಅಪ್‌ಲೋಡ್ ಮಾಡಿದ್ರೆ ಅದನ್ನ ಪರಿಗಣಿಸದೇ ಹೋಗಬಹುದು.

ಅಪೀಲ್ ಹಾಕಿದ್ರೂ ವಸೂಲಿ ತಾನಾಗೇ ನಿಲ್ಲಲ್ಲ. 2017ರ ಜುಲೈ 31ರ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಸೂಚನೆ ಪ್ರಕಾರ ಸಾಮಾನ್ಯವಾಗಿ 20% ಕಟ್ಟಿದ್ರೆ ಸ್ಟೇ ಸಿಗತ್ತೆ. ಎರಡೂಕಾಲು ಲಕ್ಷ ಹತ್ರ ಕಟ್ಟಿದೆ, ಅದಕ್ಕೇ ಸೈಟಿನ ಕಾಂಪೌಂಡ್ ಕೆಲಸ ನಿಂತೋಯ್ತು.

ಪೆನಾಲ್ಟಿ ನೋಟಿಸನ್ನ ಅಪೀಲ್ ಹಾಕಿದ್ದೀನಲ್ಲ ಅಂತ ಬಿಟ್ಟುಬಿಡಬೇಡಿ. ಅದು ಬೇರೆಯೇ ಪ್ರಕ್ರಿಯೆ, ಉತ್ತರ ಕೊಡದಿದ್ರೆ ಆರ್ಡರ್ ಆಗೋಗತ್ತೆ. ಅಪೀಲಿನ ಅಕ್ನಾಲೆಡ್ಜ್‌ಮೆಂಟ್ ಹಾಕಿ, ಅದು ತೀರ್ಮಾನ ಆಗೋವರೆಗೂ ತಡೆಹಿಡೀರಿ, 275(1)(ಎ)ಲಿ ಅವಕಾಶ ಇದೆ ಅಂತ ಬರೆದೆ. ನೋಟಿಸ್ ವಾರದೊಳಗೆ ಓದಿ ಯಾವ ಆರೋಪ ಅಂತ ನೋಡೋದೂ ಮುಖ್ಯ. ನನ್ನ ಸಹೋದ್ಯೋಗಿಗೆ ಹಳೇ ವರ್ಷದ 271(1)(ಸಿ) ಪೆನಾಲ್ಟಿ ನೋಟಿಸ್ ಬಂದಿತ್ತು, ಆದಾಯ ಮುಚ್ಚಿಟ್ಟಿದ್ದಾ ಅಥವಾ ತಪ್ಪು ವಿವರ ಕೊಟ್ಟಿದ್ದಾ, ಎರಡರಲ್ಲಿ ಒಂದನ್ನೂ ಹೊಡೆದು ಹಾಕಿರಲಿಲ್ಲ. ಅಂಥ ನೋಟಿಸೇ ನಿಲ್ಲಲ್ಲ ಅಂತ ಮಂಜುನಾಥ ಕಾಟನ್ ಕೇಸಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಹೇಳಿದೆ.

ಆಮೇಲೆ ಒಂದೂವರೆ ವರ್ಷ ಕಾದೆ. ನಡುವೆ ನನ್ನ ದಾಖಲೆಗಳನ್ನ ರಿಮಾಂಡ್ ರಿಪೋರ್ಟಿಗೆ, ಅಂದ್ರೆ ಅಸೆಸ್‌ಮೆಂಟ್ ಆಫೀಸರ್ ಪರಿಶೀಲಿಸಿ ವರದಿ ಕೊಡಲಿ ಅಂತ ಕಳಿಸಿದ್ರು, ಸೊಸೈಟಿಗೆ ಮಾಹಿತಿ ಕೇಳೋ 133(6) ನೋಟಿಸ್ ಹೋಯ್ತು, ಕಾರ್ಯದರ್ಶಿ ಮೂರೇ ದಿನದಲ್ಲಿ ಲೆಡ್ಜರ್ ಪ್ರತಿ ಕಳಿಸಿದ್ರು, ಅವರಿಗೆ ನಾನು ಋಣಿ. 2024ರ ಸೆಪ್ಟೆಂಬರ್‌ನಲ್ಲಿ ಆದೇಶ ಬಂತು. ಎಫ್‌ಡಿಯ 4 ಲಕ್ಷ ಮತ್ತು ಸೊಸೈಟಿಯಿಂದ ತೆಗೆದಿದ್ದ 9ರಲ್ಲಿ ಖಾತೆಗೆ ಕಟ್ಟಿದ 8 ಲಕ್ಷ ಎರಡೂ ಸಾಬೀತಾಗಿದೆ, ಲಾಕ್‌ಡೌನ್ ಕಾರಣ ನಂಬೋ ಹಾಗಿದೆ ಅಂತ ಪೂರ್ತಿ 12 ಲಕ್ಷ ತೆಗೆದುಹಾಕಿದ್ರು. ಅದೇ ಹಿಡ್ಕೊಂಡು ಪೆನಾಲ್ಟಿ ಆಫೀಸರಿಗೆ ಬರೆದೆ, ಎರಡು ತಿಂಗಳಲ್ಲಿ ಅದನ್ನೂ ಕೈಬಿಟ್ರು. ಕಟ್ಟಿದ್ದ 20% ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಸೇರಿ ಖಾತೆಗೆ ಬಂದ ದಿನ ಮಾವನಿಗೆ ಫೋನ್ ಮಾಡಿದೆ. "ಹಂಗಾದ್ರೆ ಕಾಂಪೌಂಡ್ ಶುರು ಮಾಡು" ಅಂದ್ರು.