ಬೀಡಿ ಕಟ್ಟುವವರ ಕೆಲಸವನ್ನು ಅಳೆಯಲು ಹೊರಟಾಗ

ಔದ್ಯೋಗಿಕ ಮನಶ್ಶಾಸ್ತ್ರದ ಪಠ್ಯಗಳಲ್ಲಿ ಕಾರ್ಖಾನೆ, ಕಚೇರಿಗಳಿಗೆ ಬರವಿಲ್ಲ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವವರು ಮಾತ್ರ ಅಲ್ಲಿ ಸಿಗುವುದು ಅಪರೂಪ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಪೈವಳಿಕೆ ಕಡೆಯ ಬೀಡಿ ಕಾರ್ಮಿಕರ ವೃತ್ತಿತೃಪ್ತಿಯ ಬಗ್ಗೆ ಸಂಶೋಧನೆಗೆ ಇಳಿದಾಗ ನನಗೆ ಸಿದ್ಧ ಅಳತೆಗೋಲು ಇರಲಿಲ್ಲ.

ಸ್ಮಿತ್, ಕೆಂಡಾಲ್ ಮತ್ತು ಹ್ಯೂಲಿನ್ 1969ರಲ್ಲಿ ಪ್ರಕಟಿಸಿದ ವೃತ್ತಿತೃಪ್ತಿಯ ಮಾಪಕವು ಕೆಲಸ, ಸಂಬಳ, ಬಡ್ತಿ, ಮೇಲ್ವಿಚಾರಣೆ, ಸಹೋದ್ಯೋಗಿಗಳು ಎಂಬ ಐದು ವಿಷಯಗಳನ್ನು ಕೇಳುತ್ತದೆ. ಕೂದಲು ನೆರೆಯುವವರೆಗೆ ಬೀಡಿ ಕಟ್ಟಿದವರ ಬಳಿ ಬಡ್ತಿಯ ಮಾತೆತ್ತಿದರೆ ಅದು ಅಣಕವೇ ಸರಿ. ಪ್ರತಿ ವಿಷಯಕ್ಕೂ ಅಂಕ ಬೇರೆಯಾದ್ದರಿಂದ ಬಡ್ತಿಯನ್ನು ಧೈರ್ಯವಾಗಿ ಕೈಬಿಟ್ಟೆ.

ಪ್ರಶ್ನಾವಳಿಯನ್ನು ಯಾರ ಕೈಗೂ ಕೊಡಲಿಲ್ಲ. ಸಾವಿರ ಬೀಡಿಗೆ ಇಷ್ಟೆಂಬ ಕೂಲಿ. ಕೈ ನಿಂತರೆ ನಷ್ಟ ಅವರಿಗೆ. ನಾನೇ ಓದಿ ಕೇಳಿದೆ. ಈ ಕೆಲಸದಲ್ಲಿ ಕಿವಿಗೆ ಬಿಡುವುಂಟು. ಕಣ್ಣೂರಿನ ದಿನೇಶ್ ಬೀಡಿ ಸಹಕಾರಿ ಸಂಘದ ಶೆಡ್‌ಗಳಲ್ಲಿ ಒಬ್ಬರು ಪತ್ರಿಕೆ ಓದಿ ಉಳಿದವರಿಗೆ ಕೇಳಿಸುತ್ತಿದ್ದರಲ್ಲ!

"ಕೆಲಸ ಹೇಗಿದೆ?" ಎಂದರೆ "ಹೀಗೇ ನಡೆಯುತ್ತದೆ ಟೀಚರೇ" ಎಂಬ ಉತ್ತರ. ಮನಶ್ಶಾಸ್ತ್ರಜ್ಞ ಫ್ಲಾನಗನ್ 1954ರಲ್ಲಿ ವಿವರಿಸಿದ ನಿರ್ಣಾಯಕ ಘಟನೆಗಳ ವಿಧಾನ ಇಲ್ಲಿ ಕೈಹಿಡಿಯಿತು. ಅಭಿಪ್ರಾಯ ಬೇಡ, ನಡೆದದ್ದನ್ನು ಕೇಳು ಎನ್ನುತ್ತದೆ ಅದು. ಎಲೆ ಕೊಟ್ಟು, ಕಟ್ಟಿದ ಬೀಡಿ ಪಡೆಯುವ ಬ್ರಾಂಚಿನಲ್ಲಿ ಮನಸ್ಸಿಗೆ ನೋವಾದ ಒಂದು ದಿನವನ್ನು ಹೇಳಿ ಎಂದೆ. ಕತ್ತರಿ ಎಲೆಯ ಮೇಲೆ ಓಡುತ್ತಿರುವಂತೆಯೇ ಒಬ್ಬರು ಶುರು ಮಾಡಿದರು. ಚೆಕ್ಕರ್ ಕಟ್ಟು ಬಿಚ್ಚಿ, ಬೆರಳಲ್ಲಿ ಒತ್ತಿ, ಸಡಿಲವಿದ್ದ ಬೀಡಿಗಳನ್ನು ಪಕ್ಕಕ್ಕೆ ಹಾಕಿದರಂತೆ. "ತೆಗೆದದ್ದಕ್ಕೆ ಬೇಸರವಿಲ್ಲ ಟೀಚರೇ, ಮುರಿದು ಎಸೆದರು. ನಮಗೇ ಕೊಟ್ಟಿದ್ದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ."

ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಅವರ ಸಿದ್ಧಾಂತದ ಪ್ರಕಾರ ಕೆಲಸದ ಫಲ ತಿಳಿಯುವುದು ಹುರುಪು ತರುವ ಗುಣ. ಇಲ್ಲಿ ಫಲವೇನೋ ತಿಳಿಯುತ್ತದೆ, ಮುರಿದ ಬೀಡಿಯ ರೂಪದಲ್ಲಿ. ಅದೇ ಸಿದ್ಧಾಂತ ಹೇಳುವ ಇನ್ನೊಂದು ಗುಣವಾದ ಸ್ವಾತಂತ್ರ್ಯದ ಕತೆಯೂ ಅಷ್ಟೇ. ಯಾವಾಗ ಕೂರಬೇಕು, ಏಳಬೇಕು ಎಂಬುದು ಅವರ ಇಷ್ಟ. ಎಂಥ ಎಲೆ ಸಿಗುತ್ತದೆ ಎಂಬುದಲ್ಲ. ಎಲೆ ಹರಕಲಾದರೂ ಲೆಕ್ಕದ ಬೀಡಿ ಕೊಡಲೇಬೇಕು, ಸಾಲದಿದ್ದರೆ ಕೈಯಿಂದ ದುಡ್ಡು ಹಾಕಿ ಎಲೆ ತರಬೇಕು.

ಘಟನೆಗಳನ್ನು ವಿಂಗಡಿಸಲು ಸಹೋದ್ಯೋಗಿಯೊಬ್ಬರ ನೆರವು ಪಡೆದೆ. ಇಬ್ಬರೂ ಬೇರೆಬೇರೆಯಾಗಿ ಕುಳಿತೆವು. ಎಲೆಯ ದೂರುಗಳನ್ನು ನಾನು ಸಂಬಳದ ಕೆಳಗೆ ಹಾಕಿದರೆ, ಅವರು ಸ್ವಾತಂತ್ರ್ಯದ ಕೆಳಗೆ ಹಾಕಿದರು. ವಾದಿಸಿ ಒಬ್ಬರು ಸೋಲುವುದಕ್ಕಿಂತ ಎಲೆಗೇ ಒಂದು ವಿಭಾಗ ತೆರೆಯುವುದು ನ್ಯಾಯವೆನಿಸಿತು. ನನ್ನ ಮಾಪಕದಲ್ಲಿ ಬಡ್ತಿ ಖಾಲಿ ಮಾಡಿದ ಜಾಗದಲ್ಲಿ ಈಗ ಎಲೆಯ ಪ್ರಶ್ನೆಗಳಿವೆ.