ಪಂಪ್ ಇಲ್ಲದೆ ಹೆರಿಗೆ ಎಪಿಡ್ಯೂರಲ್: ದಾವಣಗೆರೆಯ ನನ್ನ ಅನುಭವ

ದಾವಣಗೆರೆಯ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಹೆರಿಗೆಗೆ ಎಪಿಡ್ಯೂರಲ್ (ಬೆನ್ನಲ್ಲಿ ಸೂಜಿಯಿಂದ ಸಣ್ಣ ಕೊಳವೆ ಇಟ್ಟು ನೋವು ತಗ್ಗಿಸುವ ಔಷಧಿ ಕೊಡುವುದು) ನಡೆಯಲ್ಲ ಅಂತ ನನಗೆ ಹೇಳದವರೇ ಇಲ್ಲ. ಹೆರಿಗೆ ಡಾಕ್ಟರುಗಳು ಹೇಳಿದರು, ನನ್ನ ಜೊತೆಯ ಅರಿವಳಿಕೆ ವೈದ್ಯರೂ ಹೇಳಿದರು. ಈಗ ಏಳೆಂಟು ವರ್ಷದಿಂದ ನಡೆಯುತ್ತಿದೆ. ಔಷಧಿಯನ್ನು ತಾನೇ ಹನಿಹನಿಯಾಗಿ ಕೊಡುವ ಇನ್‌ಫ್ಯೂಷನ್ ಪಂಪ್ ಇಲ್ಲ, ಕೈಯಲ್ಲೇ ಡೋಸ್. ಹೊನ್ನಾಳಿ, ಜಗಳೂರು ಕಡೆಯವರೂ ಕೇಳಿಕೊಂಡು ಬರುತ್ತಾರೆ. ಸೂಜಿ ಹಾಕುವುದು ಹೇಗೆ ಅಂತ ನನ್ನಂಥ ಅರಿವಳಿಕೆ ವೈದ್ಯರಿಗೆ ಹೇಳಬೇಕಿಲ್ಲ. ಉಳಿದದ್ದೇ ಕಷ್ಟ.

ಶುರುವಿನಲ್ಲಿ ನನ್ನ ಕೈಯಲ್ಲಿ ಫೆಂಟನಿಲ್ (ಅಫೀಮಿನ ಜಾತಿಯ ಜೋರು ನೋವಿನ ಔಷಧಿ) ಇರಲಿಲ್ಲ. ಅದನ್ನು ಇಡಬೇಕಾದರೆ ಆಸ್ಪತ್ರೆಗೆ ಆರ್.ಎಂ.ಐ. (ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ) ಅನ್ನುವ ಮಾನ್ಯತೆ ಬೇಕು. ಮಾದಕ ವಸ್ತು ಕಾಯ್ದೆಗೆ 2014ರ ತಿದ್ದುಪಡಿ ಆದ ಮೇಲೆ ಮೊದಲಿನಷ್ಟು ಲೈಸೆನ್ಸ್ ಕಾಟ ಇಲ್ಲ ನಿಜ. ಆದರೂ ಅರ್ಜಿ, ರಿಜಿಸ್ಟರ್, ಬೀಗದ ಕಪಾಟು ಅಂದರೆ ಮಾಲೀಕರಿಗೆ ಬೇಡವೇ ಬೇಡ. ಹಾಗಾಗಿ ಬರೀ ಬುಪಿವಕೇನ್ ಅನ್ನುವ ಮರಗಟ್ಟಿಸುವ ಔಷಧಿಯಲ್ಲಿ ನಡೆಸಿದೆ. ತೆಳುವಾಗಿ ಕೊಟ್ಟರೆ ನೋವು ಹೋಗುತ್ತಿರಲಿಲ್ಲ. ಗಟ್ಟಿ ಮಾಡಿದರೆ ಕಾಲು ಮರದ ದಿಮ್ಮಿ. ಮಂಡಿ ಮಡಚಲೂ ಆಗದ ಹುಡುಗಿಗೆ ಮುಕ್ಕಮ್ಮಾ ಅಂದರೆ ಹೇಗೆ ಮುಕ್ಕುತ್ತಾಳೆ? "ಕೊನೆಗೆ ವ್ಯಾಕ್ಯೂಮ್ ಹಾಕೋಳು ನಾನು ತಾನೇ" ಅಂದರು ಹೆರಿಗೆ ಡಾಕ್ಟರ್ ಮೇಡಂ. ವ್ಯಾಕ್ಯೂಮ್ ಅಂದರೆ ಮಗುವಿನ ತಲೆಗೆ ಹಾಕಿ ಎಳೆಯುವ ಉಪಕರಣ. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಎಪಿಡ್ಯೂರಲ್ ಡೋಸುಗಳನ್ನು ಹೋಲಿಸಿ ನೋಡಿದ ಬ್ರಿಟನ್ನಿನ 2001ರ ಕಾಮೆಟ್ ಅಧ್ಯಯನದ ಹಾಳೆ ಒಯ್ದು ತೋರಿಸಿದೆ. ಹಳೇ ಗಟ್ಟಿ ಡೋಸಿನಲ್ಲಿ ಉಪಕರಣವಿಲ್ಲದ ಸಹಜ ಹೆರಿಗೆ ನೂರಕ್ಕೆ 35, ತೆಳು ಡೋಸಿನಲ್ಲಿ 43ರ ಹತ್ತಿರ. ಅವರು ಓದಿ ಮಡಚಿಟ್ಟರು, ಅಷ್ಟೇ. ಆಮೇಲೆ ಮಾನ್ಯತೆಯ ಕಾಗದಕ್ಕೆ ನಾನೇ ಓಡಾಡಿದೆ. ಫೆಂಟನಿಲ್ ಬಂತು. ಎಪಿಡ್ಯೂರಲ್ ಹಾಕಿಸಿಕೊಂಡವರು ತಾವೇ ಮಗ್ಗುಲು ಬದಲಿಸುವುದನ್ನು, ಹೇಳಿದಾಗ ಸರಿಯಾಗಿ ಮುಕ್ಕುವುದನ್ನು ಮೇಡಂ ಕಣ್ಣಾರೆ ನೋಡಿದರು. ಈಗ ಅವರೇ ಫೋನ್ ಮಾಡಿ ಕರೆಯುತ್ತಾರೆ.

ನನ್ನ ಮಿಶ್ರಣ ಸರಳ. 20 ಎಂ.ಎಲ್. ಸಿರಿಂಜಿಗೆ 0.5% ಬುಪಿವಕೇನ್ 4 ಎಂ.ಎಲ್., ಫೆಂಟನಿಲ್ 40 ಮೈಕ್ರೋಗ್ರಾಂ, ಉಳಿದದ್ದು ಸಲೈನ್. ಅಂದರೆ ಬುಪಿವಕೇನ್ 0.1%. ಸಲಕ್ಕೆ 10 ಎಂ.ಎಲ್., ಅದೂ ಐದೈದಾಗಿ. ಪ್ರತಿ ಡೋಸನ್ನೂ ಟೆಸ್ಟ್ ಡೋಸ್, ಅಂದರೆ ಕೊಳವೆ ಸರಿ ಜಾಗದಲ್ಲಿದೆಯಾ ಅಂತ ತಿಳಿಯುವ ಡೋಸ್, ಅಂತಲೇ ನೋಡುತ್ತೇನೆ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ತಡೆಯುತ್ತದೆ. ಡೋಸ್ ಕೊಟ್ಟ ಮೇಲೆ 20 ನಿಮಿಷ, ಐದೈದು ನಿಮಿಷಕ್ಕೆ ಬಿ.ಪಿ., ಜೊತೆಗೆ ಮಗುವಿನ ಹೃದಯ ಬಡಿತ. ಇದನ್ನು ಸಿಸ್ಟರ್‌ಗಳಿಗೆ ಕಲಿಸಲು ನಾನು ಖರ್ಚು ಮಾಡಿದ ಸಮಯ ಸೂಜಿಗೆ ಮಾಡಿದ್ದಕ್ಕಿಂತ ಜಾಸ್ತಿ.

ಟ್ರೇ ವಿಷಯದಲ್ಲಿ ಒಂದು ಮಾತು. ಬ್ಲೀಡಿಂಗ್‌ಗೆ ಅಂತ ಲೇಬರ್ ರೂಮಿನಲ್ಲಿ ರಕ್ತಸ್ರಾವ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆ್ಯಸಿಡ್‌ನ ಆಂಪ್ಯೂಲ್ (ಗಾಜಿನ ಸಣ್ಣ ಸೀಸೆ) ಇರುತ್ತದೆ. ನೋಡಲು ಬುಪಿವಕೇನ್ ಹಾಗೇ. ಬೆನ್ನುಹುರಿಯ ನೀರಿಗೆ ಅದು ಹೋದರೆ ಜೀವವೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದಕ್ಕೇ ಎಚ್ಚರಿಕೆ ಕೊಟ್ಟಿತು. ನಾನು ಅದನ್ನು ಬೇರೆ ಕಪಾಟಿಗೆ ಹಾಕಿಸಿದ್ದೇನೆ. ನನ್ನ ಔಷಧಿ ನಾನೇ ಒಡೆಯುತ್ತೇನೆ, ಬೇರೆಯವರು ತುಂಬಿಟ್ಟದ್ದು ಮುಟ್ಟಲ್ಲ.

ಹತ್ತರಲ್ಲಿ ಒಂದು ಸರಿಯಾಗಿ ಹಿಡಿಯಲ್ಲ. ಔಷಧಿ ಒಂದೇ ಮಗ್ಗುಲಿಗೆ ಹಿಡಿದರೆ ಕೊಳವೆ ಒಂದು ಸೆಂಟಿಮೀಟರ್ ಹಿಂದೆಳೆದು ಮತ್ತೆ ಡೋಸ್. ಅರ್ಧ ಗಂಟೆಯಲ್ಲಿ ದಾರಿಗೆ ಬರದಿದ್ದರೆ ತೆಗೆದು ಹೊಸದು. ನೋಡೋಣ, ನೋಡೋಣ ಅಂತ ಕೂತರೆ ಆ ಹುಡುಗಿ ನಮ್ಮನ್ನು ನಂಬುವುದನ್ನೇ ಬಿಡುತ್ತಾಳೆ. ನಮ್ಮ ಏಪ್ರಿಲ್ ಬಿಸಿಲಿಗೆ ಬೆನ್ನು ಬೆವರಿ ಪ್ಲಾಸ್ಟರ್ ಏಳುತ್ತದೆ. ಕೊಳವೆ ಜಾರದ ಹಾಗೆ ಅಂಟಿಸುವ ನನ್ನದೇ ಒಂದು ರೀತಿ ಇದೆ. ಅದನ್ನು ಇಲ್ಲಿ ಬರೆಯಲ್ಲ. ಬಂದು ನಿಂತವರಿಗೆ ತೋರಿಸುತ್ತೇನೆ.

ದುಡ್ಡಿನ ವಿಷಯ. ಕಿಟ್, ಔಷಧಿ ಸೇರಿ ಸುಮಾರು ಒಂದೂವರೆ ಸಾವಿರ. ಮೊದಲು ಗಂಟೆ ಲೆಕ್ಕದಲ್ಲಿ ಫೀಸ್ ತೆಗೆದುಕೊಳ್ಳುತ್ತಿದ್ದೆ. ಮನೆಯವರು ಗಡಿಯಾರ ನೋಡಿ ಸಾಕು ನಿಲ್ಲಿಸಿ ಅನ್ನುತ್ತಿದ್ದರು, ನೋವು ತಿನ್ನುವವಳು ಒಳಗೆ. ಈಗ ಎಲ್ಲ ಸೇರಿ ಆರು ಸಾವಿರದ ಆಸುಪಾಸು, ಎಷ್ಟು ಹೊತ್ತಾದರೂ ಅಷ್ಟೇ. ಸಿಸೇರಿಯನ್ ಆದರೆ ಅದೇ ಕೊಳವೆಯಲ್ಲಿ ಅಡ್ರಿನಲಿನ್ ಇರುವ 2% ಲಿಗ್ನೊಕೇನ್ (ಇನ್ನೊಂದು ಮರಗಟ್ಟಿಸುವ ಔಷಧಿ) 15ರಿಂದ 20 ಎಂ.ಎಲ್., ಸ್ವಲ್ಪ ಸ್ವಲ್ಪವಾಗಿ. ಅದಕ್ಕೆ ಬೇರೆ ಫೀಸ್ ಇಲ್ಲ. ಈ ಒಂದು ಮಾತಿಗೆ ಒಪ್ಪಿದ ಮನೆಗಳು ಎಷ್ಟೋ.

ನನಗೆ ಖರ್ಚಾಗುವುದು ರಾತ್ರಿ. ಕೊಳವೆ ಹಾಕಿದ ಮೇಲೆ ನಾನು ಆ ಕಟ್ಟಡ ಬಿಡಲ್ಲ. ಪಿ.ಜೆ. ಬಡಾವಣೆಯಿಂದ ಸಿಸೇರಿಯನ್‌ಗೆ ಕರೆ ಬಂದರೆ ಜೊತೆಯವರಿಗೆ ದಾಟಿಸುತ್ತೇನೆ. ಒಂದೊಂದು ರಾತ್ರಿ ಎರಡು ಕೇಸು ಕೈತಪ್ಪಿ ಹೋಗುತ್ತವೆ. ಬಿಟ್ಟು ಹೋಗಿ ಬರುತ್ತೇನೆ ಅನ್ನುವವರು ಈ ಕೆಲಸ ಹಿಡಿಯಬೇಡಿ.

ಮೊದಲ ಹೆರಿಗೆ ತವರಿನದು, ಹಾಗಾಗಿ ತಾಯಿ ಬಾಗಿಲಲ್ಲೇ ಇರುತ್ತಾರೆ. "ನಾವೇನು ಹಡೆದಿಲ್ಲೇನ್ರೀ ಡಾಕ್ಟ್ರೇ? ಬೆನ್ನಿಗೆ ಚುಚ್ಚಿದ್ರೆ ಸಾಯೋತನಕ ಸೊಂಟ ನೋವಂತೆ." ಸೊಂಟ ನೋವು ಬಸುರಿ, ಬಾಣಂತನದಲ್ಲಿ ಹೇಗೂ ಬರುತ್ತದೆ. ಎಪಿಡ್ಯೂರಲ್‌ನಿಂದ ಅದು ಉಳಿದುಹೋಗಲ್ಲ ಅಂತ ಹೇಳುತ್ತೇನೆ. ನೂರರಲ್ಲಿ ಒಬ್ಬರಿಗೆ ಜೋರು ತಲೆನೋವು ಬರಬಹುದು ಅಂತಲೂ ಮೊದಲೇ ಹೇಳುತ್ತೇನೆ. ಮುಚ್ಚಿಟ್ಟರೆ ಆಮೇಲೆ ಊರೆಲ್ಲ ಸುದ್ದಿ.

ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. ಮಗುವಿನ ಮುಖ ಮೇಲಾಗಿ ಸೊಂಟವೇ ಸೀಳುವವರಿಗೆ, ಬಾಲಮೂಳೆಯ ಮೇಲ್ಭಾಗದಲ್ಲಿ ನಾಲ್ಕು ಕಡೆ ಚರ್ಮದೊಳಗೆ 0.1 ಎಂ.ಎಲ್. ಸ್ಟೆರೈಲ್ ವಾಟರ್. ಅರ್ಧ ನಿಮಿಷ ಜೇನು ಕಚ್ಚಿದ ಹಾಗೆ ಉರಿ. ಆಮೇಲೆ ಗಂಟೆ, ಎರಡು ಗಂಟೆ ಸೊಂಟ ಹಗುರ. ಹೊಟ್ಟೆಯ ನೋವಿಗೆ ಕೆಲಸ ಮಾಡಲ್ಲ. ಖರ್ಚು ಏನೂ ಇಲ್ಲ, ಆದರೂ ಯಾರೂ ಮಾಡಲ್ಲ, ಬೇಜಾರು.

ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ತೆಗೆದುಕೊಳ್ಳುತ್ತಿರುವವರು, ಬೆನ್ನಲ್ಲಿ ಸೋಂಕಿರುವವರು ಬಂದರೆ ಸೂಜಿ ಹಿಡಿಯಲ್ಲ. ಅವರಿಗೆ ಎಂಟೊನಾಕ್ಸ್, ಅಂದರೆ ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಬೆರೆಸಿದ ಗ್ಯಾಸ್. ಗ್ಯಾಸ್ ಹತ್ತಲು ಅರ್ಧ ನಿಮಿಷ ಬೇಕು, ಹಾಗಾಗಿ ನೋವು ಏಳುತ್ತಿದ್ದ ಹಾಗೇ ಎಳೆದುಕೊಳ್ಳಬೇಕು, ಏರಿದ ಮೇಲೆ ಅಲ್ಲ. ಕೆಲವರಿಗೆ ವಾಂತಿ. ಮಾಸ್ಕ್ ಅವಳ ಕೈಯಲ್ಲೇ ಇರಬೇಕು, ಮಂಪರಾದರೆ ತಾನೇ ಜಾರಿ ಬೀಳಬೇಕು. ಪ್ರೀತಿಯಿಂದ ಮುಖಕ್ಕೆ ಒತ್ತಿ ಹಿಡಿಯಲು ಬರುವ ಗಂಡ, ಅಮ್ಮ ಇಬ್ಬರ ಕೈಯನ್ನೂ ತೆಗೆಸುತ್ತೇನೆ.